ಎಡಗಿವಿಯ ಸೊನ್ನೆ

ನಮೂನೆಯಲ್ಲಿ ‘ಎಡಗಿವಿ’ ಎಂದು ಬರೆದು ಸಹಿ ಹಾಕಿದವರು ದಾವಲಸಾಬ ನದಾಫ. ಆಗ ಅವರಿಗೆ ನಲವತ್ತಾರು ವರ್ಷ. ಇಪ್ಪತ್ತು ವರ್ಷ ಒಂದು ಆಸ್ಪತ್ರೆಯ ನರರೋಗ ವಿಭಾಗದಲ್ಲಿ ಮಿದುಳಿನ ಅಲೆಗಳನ್ನು ದಾಖಲಿಸುವ ತಂತ್ರಜ್ಞರಾಗಿದ್ದು, ಆಮೇಲೆ ಹುಬ್ಬಳ್ಳಿಯ ಹೊರವಲಯದಲ್ಲಿ ಹೊಸದಾಗಿ ತೆರೆದಿದ್ದ ತುರ್ತು ಕರೆ ಕೇಂದ್ರಕ್ಕೆ ಬಂದು ಸೇರಿದ್ದರು. ಏಳು ಜಿಲ್ಲೆಗಳಿಂದ ಆಂಬ್ಯುಲೆನ್ಸಿಗೂ ಅಗ್ನಿಶಾಮಕಕ್ಕೂ ಬರುವ ಕರೆಗಳನ್ನೆಲ್ಲ ಅಲ್ಲಿ ಇನ್ನೂರಾ ಹನ್ನೆರಡು ಮಂದಿ ಪಾಳಿಯ ಮೇಲೆ ಕೂತು ಸ್ವೀಕರಿಸುತ್ತಿದ್ದರು. ತೂಕಡಿಕೆಯಿಂದ, ಮರೆವಿನಿಂದ ತಿಂಗಳಿಗೆ ಎಂಟು ಒಂಬತ್ತು ತಪ್ಪುಗಳಾಗುತ್ತಿದ್ದವು. ಅದನ್ನು ತಗ್ಗಿಸಲು ಸರ್ಕಾರ ಗಮನಪಟ್ಟಿ ತರಿಸಿತು.

ಗಮನಪಟ್ಟಿ ಎಂದರೆ ತಲೆಗೆ ಕಟ್ಟಿಕೊಳ್ಳುವ ಎರಡು ಬೆರಳಗಲದ ಪಟ್ಟಿ. ಅದರ ಲೋಹದ ಬಿಲ್ಲೆ ನಡುನೆತ್ತಿಯ ಮೇಲೆ ಕೂರುತ್ತದೆ. ಮನುಷ್ಯ ತೂಕಡಿಸುವ ಮೊದಲೇ ಅಲ್ಲಿ ಸೆಕೆಂಡಿಗೆ ನಾಲ್ಕೈದರಂತೆ ನಿಧಾನದ ಅಲೆಗಳು ಏಳತೊಡಗುತ್ತವೆ. ಪಾಳಿಯುದ್ದಕ್ಕೂ ಬಿಲ್ಲೆ ಅವನ್ನು ಹಿಡಿಯುತ್ತದೆ. ಪ್ರತಿ ಪಾಳಿಗೆ ಮುಂಚೆ ಇಪ್ಪತ್ತೈದು ನಿಮಿಷ ಪರದೆಯ ಮುಂದೆ ಕೂರಬೇಕು. ಪರದೆಯ ಮೇಲೊಂದು ಗಾಳಿಗಿರಣಿ. ನಿಧಾನದ ಅಲೆ ತಗ್ಗಿದರೆ ಅದರ ರೆಕ್ಕೆ ತಿರುಗುತ್ತದೆ, ಹೆಚ್ಚಿದರೆ ನಿಲ್ಲುತ್ತದೆ. ಹೇಗೆ ತಿರುಗಿಸಬೇಕೆಂದು ಯಾರೂ ಹೇಳಿಕೊಡುವುದಿಲ್ಲ. ಸೈಕಲ್ಲಿನ ಮೇಲೆ ಮೈ ತಾನಾಗಿ ತೂಕ ಹಿಡಿಯುವುದನ್ನು ಕಲಿಯುವ ಹಾಗೆ, ಮಿದುಳು ತಾನೇ ದಾರಿ ಹುಡುಕಿಕೊಳ್ಳುತ್ತದೆ.

ಆದರೆ ಒಂದೇ ಬಿಲ್ಲೆಯಿಂದ ಏನನ್ನೂ ಅಳೆಯಲಾಗುವುದಿಲ್ಲ. ಇಲ್ಲಿ ಅಳತೆಯೆಂದರೆ ಎರಡು ಜಾಗಗಳ ಅಲೆಗಳ ನಡುವಿನ ಅಂತರ. ನೆತ್ತಿಯನ್ನು ಹೋಲಿಸಿ ನೋಡಲು ಮೈಮೇಲೆ ಇನ್ನೊಂದು ಜಾಗ ಬೇಕು. ಆ ಜಾಗವನ್ನು ಸೊನ್ನೆ ಎಂದು ಇಟ್ಟುಕೊಳ್ಳಬೇಕು. ಸೊನ್ನೆಯನ್ನು ಎಲ್ಲಿ ಕೂರಿಸಬೇಕೆಂಬ ತೀರ್ಮಾನ ದಾವಲಸಾಬರ ಪಾಲಿಗೆ ಬಂತು.

ಮೂಗಿನ ತುದಿ ಒಳ್ಳೆಯ ಜಾಗವೇ, ಆದರೆ ಎಂಟು ತಾಸು ಮೂಗಿಗೆ ತಂತಿ ಅಂಟಿಸಿಕೊಂಡು ಕೂರಲು ಯಾರೂ ಒಪ್ಪಲಿಲ್ಲ. ಕಿವಿಯ ಹಿಂದಿನ ಎಲುಬಿನ ಮೇಲೆ ಇಟ್ಟರೆ ಮಾತಾಡುವಾಗೆಲ್ಲ ಸ್ನಾಯುವಿನ ಗದ್ದಲ ಸೇರಿಕೊಳ್ಳುತ್ತಿತ್ತು. ಎಣ್ಣೆ ಹಚ್ಚಿದ ಕೂದಲಿಗೆ ಅಂಟು ನಿಲ್ಲುತ್ತಲೂ ಇರಲಿಲ್ಲ. ಎರಡೂ ಕಿವಿಗಳನ್ನು ಕೂಡಿಸಿ ಹೋಲಿಸುವುದು ವಾಸಿ, ಆದರೆ ಬಲಗಿವಿಯ ಮೇಲೆ ಹೆಡ್‌ಫೋನು ಕೂತು ಗುಂಯ್‌ಗುಡುತ್ತಿತ್ತು. ಉಳಿದದ್ದು ಎಡಗಿವಿಯ ಹಾಲೆ. ಬೆಂಡೋಲೆ ಬಿಚ್ಚಿಟ್ಟು ಕ್ಲಿಪ್ಪು ಸಿಕ್ಕಿಸಿಕೊಂಡರೆ ಮುಗಿಯಿತು.

ಕಿವಿಯ ಹಾಲೆ ಪೂರಾ ಸೊನ್ನೆಯಲ್ಲ ಎಂಬುದು ಅವರಿಗೆ ಗೊತ್ತಿತ್ತು. ಕಿವಿಯ ಮೇಲುಗಡೆ, ಕಪಾಲದ ಒಳಗೆ, ಕೇಳಿದ ಮಾತನ್ನು ಅರ್ಥ ಮಾಡಿಕೊಳ್ಳುವ ಮಿದುಳಿನ ಭಾಗವಿದೆ. ಹೆಚ್ಚಿನವರಲ್ಲಿ ಅದು ಎಡಗಡೆ. ಅಲ್ಲಿನ ಅಲೆ ಒಂದಿಷ್ಟು ಹಾಲೆಗೂ ಇಳಿದು ಬರುತ್ತದೆ. ಆಸ್ಪತ್ರೆಯಲ್ಲಿ ಅವರು ಯಾವ ರೋಗಿಯನ್ನೂ ಒಂದೇ ಸೊನ್ನೆಯಿಂದ ಅಳೆದು ಕಳಿಸಿದವರಲ್ಲ. ಜಾಗ ಬದಲಿಸಿ ಎರಡು ಸಲ ನೋಡುತ್ತಿದ್ದರು. ಇಲ್ಲಿ ಅಷ್ಟು ಪುರಸೊತ್ತಿರಲಿಲ್ಲ. ಹದಿನಾಲ್ಕು ಜನರ ಮೇಲೆ ಎರಡು ವಾರ ಪ್ರಯೋಗ ಮಾಡಿದರು. ಎಲ್ಲರ ರೆಕ್ಕೆಗಳೂ ತಿರುಗಿದವು. ದಾವಲಸಾಬರು ಸಹಿ ಹಾಕಿದರು.

ಮೂರು ವರ್ಷದಲ್ಲಿ ತಪ್ಪುಗಳು ತಿಂಗಳಿಗೆ ಮೂರಕ್ಕೆ ಇಳಿದವು. ಬಸ್ಸಿನ ಚಾಲಕರಿಗೂ ಪಟ್ಟಿ ಬಂತು. ಪರೀಕ್ಷೆಗೆ ಓದುವ ಮಕ್ಕಳಿಗೆ ಬಾಡಿಗೆಗೆ ಕೊಡುವ ಅಂಗಡಿಗಳು ತೆರೆದವು. ನೂರಕ್ಕೆ ಇಷ್ಟು ಎಂದು ಪಟ್ಟಿ ಕೊಡುವ ಅಂಕವನ್ನು ಜನ ಮದುವೆಯ ಬಯೋಡೇಟಾದಲ್ಲಿ ಎತ್ತರ, ಬಣ್ಣ, ಗೋತ್ರಗಳ ಕೆಳಗೆ ಬರೆಯತೊಡಗಿದರು. ಕೇಂದ್ರದಲ್ಲಂತೂ ಅಂಕವೇ ಎಲ್ಲ. ಎಂಬತ್ತೈದಕ್ಕಿಂತ ಮೇಲಿದ್ದರೆ ಮೇಜಿನ ಮೇಲಿನ ದೀಪ ಹಸಿರು. ಹಸಿರು ದೀಪದಲ್ಲಿ ಸ್ವೀಕರಿಸಿದ ಕರೆಯ ಬಗ್ಗೆ ದೂರು ಬಂದರೂ ಧ್ವನಿಮುದ್ರಣ ಕೇಳುವ ಅಗತ್ಯವಿಲ್ಲ ಎಂದು ನಿಯಮವಾಯಿತು.

ಅಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ನೀಲಗಂಗಾ ಹೂಗಾರಳದು. ಮೂವತ್ತೆಂಟರ ಹೆಂಗಸು, ಫೋನು ಎತ್ತುವ ಕೆಲಸದಲ್ಲಿ ಹನ್ನೊಂದು ವರ್ಷದ ಅನುಭವ. ಗಂಡ ಚನ್ನವೀರ ಹಳೇ ಹುಬ್ಬಳ್ಳಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಒಬ್ಬಳೇ ಮಗಳು ಸ್ಫೂರ್ತಿ, ಐದನೆಯ ಇಯತ್ತೆ. ನೀಲಗಂಗಾಳ ಅಂಕ ಮೊದಲ ವರ್ಷ ಎಪ್ಪತ್ತೆಂಟು ಇದ್ದದ್ದು ಮೂರನೆಯ ವರ್ಷ ತೊಂಬತ್ತೈದರ ಕೆಳಗೆ ಇಳಿಯುತ್ತಲೇ ಇರಲಿಲ್ಲ. ಹೊಸದಾಗಿ ಸೇರಿದವರಿಗೆ ಆಕೆಯ ಗಾಳಿಗಿರಣಿಯನ್ನು ತೋರಿಸುತ್ತಿದ್ದರು.

ಮನೆಯಲ್ಲಿ ಬೇರೆಯೇ ಏನೋ ನಡೆದಿತ್ತು. ಚನ್ನವೀರ ಗಿರಣಿಯ ಸದ್ದಿನಲ್ಲಿ ಬಾಳಿದವನು. ಮನೆಯಲ್ಲೂ ಗಂಟಲು ಎತ್ತಿಯೇ ಮಾತಾಡುವುದು ಅವನ ರೂಢಿ. ಹೆಂಡತಿಗೆ ಒಂದು ಮಾತು ಹೇಳಿದರೆ ಅಲ್ಲೊಂದು ಇಲ್ಲೊಂದು ಶಬ್ದಕ್ಕೆ ಮಾತ್ರ ಉತ್ತರ ಬರುತ್ತದೆ ಎಂದು ಅವನಿಗೆ ಅನಿಸತೊಡಗಿತು. “ನಾಳೆ ಕಾಕಾ ಬರೂದಿಲ್ಲಂತ, ನಾಡದ ಬರ್ತಾನಂತ” ಎಂದರೆ ಆಕೆ ಮಾರನೆಯ ದಿನವೇ ಕಾಕಾನಿಗೆಂದು ಹೋಳಿಗೆಗೆ ಬೇಳೆ ನೆನೆಹಾಕಿದ್ದಳು. ಅವನು ಇನ್ನಷ್ಟು ಗಟ್ಟಿಯಾಗಿ ಮಾತಾಡಿದ. ಆಮೇಲೆ ಕಿವಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದ.

“ಕಿವಿ ಬಂಗಾರದಂಗ ಅದಾವ್ರಿ,” ಎಂದರು ಡಾಕ್ಟರು. “ಸೂಜಿ ಬಿದ್ರೂ ಕೇಳಸ್ತದ ಇವರಿಗೆ.”

ಒಂದು ಸಂಜೆ ಸ್ಫೂರ್ತಿ ಶಾಲೆಯ ಸುದ್ದಿ ಹೇಳುತ್ತಿದ್ದಳು. ನೀಲಗಂಗಾ ಮೆಂತೆಸೊಪ್ಪು ಬಿಡಿಸುತ್ತ, ಮಗಳ ಮುಖ ನೋಡುತ್ತ, ಹೂಂ ಹೂಂ ಎನ್ನುತ್ತಿದ್ದಳು. ನಡುವೆ ಹುಡುಗಿ ಸುಮ್ಮನೆ ನೋಡೋಣವೆಂದು ಅದೇ ದನಿಯಲ್ಲಿ ಹೇಳಿದಳು: “ಆಮ್ಯಾಲ ಅವ್ವಾ, ಒಂದು ಆನಿ ಬಂದು ನಮ್ಮ ಟೀಚರ್ ತಲೀ ಮ್ಯಾಲ ಕುಂತ್ಕೊಂಡು ಚಹಾ ಕುಡೀತು.”

“ಹೌದೇನು? ಛಲೋ ಆತು ಬಿಡು,” ಎಂದಳು ನೀಲಗಂಗಾ, ನಗುತ್ತ.

ಸ್ಫೂರ್ತಿ ಬಿದ್ದು ಬಿದ್ದು ನಕ್ಕಳು. ತಾಯಿ ಯಾಕೆ ನಗುತ್ತೀ ಎಂದು ಕೇಳಿದಾಗ ಅವಳ ನಗು ನಿಂತಿತು. ಎದ್ದು ಹೋಗಿ ಗಿರಣಿಯಲ್ಲಿದ್ದ ಅಪ್ಪನಿಗೆ ಹೇಳಿದಳು. ಚನ್ನವೀರ ಬೆಲ್ಟು ಇಳಿಸಿ ಗಿರಣಿ ನಿಲ್ಲಿಸಿ, ಮಗಳು ಹೇಳಿದ್ದನ್ನು ಇನ್ನೊಮ್ಮೆ ಹೇಳಿಸಿ ಕೇಳಿದ.

ಮುಂದಿನ ಮಂಗಳವಾರ ಬೆಳಗ್ಗೆ ಹನ್ನೊಂದೂವರೆಗೆ ನೀಲಗಂಗಾಳ ಮೇಜಿಗೆ ಒಂದು ಕರೆ ಬಂತು. ಕರೆ ಮಾಡಿದವನು ಯಮನಪ್ಪ ತಳವಾರ, ಹಗ್ಗ ಮಾರುವವನು. ಅವನಿದ್ದದ್ದು ಹುಲಗಿನಾಳದ ಸಂತೆಯಲ್ಲಿ; ನಕ್ಷೆಯ ಮೇಲೆ ಕೆಂಪು ಚುಕ್ಕೆ ಅಲ್ಲಿಯೇ ಮಿಣುಕುತ್ತಿತ್ತು. ಅವನ ಊರು ಕೆಂಚಲಾಪುರ ಅಲ್ಲಿಂದ ಹದಿನೇಳು ಕಿಲೋಮೀಟರು. ಅವನ ತಾಯಿ ಮನೆಯಲ್ಲಿ ಬಿದ್ದದ್ದನ್ನು ಕಂಡ ಪಕ್ಕದ ಮನೆಯವರು, ಇಂಥ ಹೊತ್ತಿನಲ್ಲಿ ಜನ ಮಾಡುವಂತೆ, ಮೊದಲು ಮಗನಿಗೇ ಫೋನು ಮಾಡಿದ್ದರು.

“ಅಕ್ಕಾರ, ನಾ ಸಂತ್ಯಾಗ ಅದೀನ್ರಿ. ನಮ್ಮವ್ವ ಊರಾಗ ಬಿದ್ದಾಳಂತ್ರಿ, ಮನ್ಯಾಗ. ಬಾಯಿ ವಾರಿ ಆಗೇತಂತ. ಗಾಡಿ ಕೆಂಚಲಾಪುರಕ್ಕ ಕಳಸ್ರಿ. ಸಂತಿಗೆ ಬ್ಯಾಡ್ರಿ.”

“ಆತ್ರಿ. ಉಸಿರಾಡಾಕತ್ತಾರೇನ್ರಿ?”

“ಆಡಾಕತ್ತಾಳಂತ್ರಿ. ಕೆಂಚಲಾಪುರ, ಅಕ್ಕಾರ. ನಾ ಸಂತ್ಯಾಗ ಅದೀನಿ, ನನ್ನ ಕಡೆ ಬ್ಯಾಡ.”

“ಗಾಡಿ ಹೊಂಟೇತ್ರಿ. ಗಾಬರಿ ಆಗಬ್ಯಾಡ್ರಿ.”

“ಊರಿಗೆ ಹೊಂಟೇತಲ್ರಿ? ಸಂತಿಗೆ ಬ್ಯಾಡ.”

“ಹೌದ್ರಿ, ಹೊಂಟೇತಿ.”

ಕೆಂಪು ಚುಕ್ಕೆ ಇದ್ದಲ್ಲಿಗೇ ಆಕೆ ಕಳಿಸಿದ ಗಾಡಿ ಎಂಟೇ ನಿಮಿಷದಲ್ಲಿ ಸಂತೆ ಮುಟ್ಟಿತು. ಅಲ್ಲಿ ಯಾರೂ ಬಿದ್ದಿರಲಿಲ್ಲ. ಚಾಲಕ ಮೂರು ಸುತ್ತು ಹಾಕಿದ. ಯಮನಪ್ಪ ಅಷ್ಟರಲ್ಲಿ ಹಗ್ಗದ ಗಂಟನ್ನು ಅಲ್ಲೇ ಬಿಟ್ಟು ಟೆಂಪೋ ಹತ್ತಿ ಊರಿನ ದಾರಿ ಹಿಡಿದಿದ್ದ. ದಾರಿಯಲ್ಲಿ ಫೋನು ಹತ್ತಲಿಲ್ಲ. ಪಕ್ಕದ ಮನೆಯವರೂ ಕರೆ ಮಾಡಿದ ಮೇಲೆ ಗಾಡಿ ಕೊನೆಗೆ ಕೆಂಚಲಾಪುರ ತಲುಪಿದ್ದು ಮೊದಲ ಕರೆ ಬಂದ ನಲವತ್ತೇಳು ನಿಮಿಷಕ್ಕೆ. ಅವನ ತಾಯಿ ದುರ್ಗವ್ವ ಆಸ್ಪತ್ರೆಯಲ್ಲಿ ನಾಲ್ಕನೆಯ ದಿನ ತೀರಿಕೊಂಡಳು. ಬೇಗ ತಂದಿದ್ದರೆ ಉಳಿಯುತ್ತಿದ್ದಳೇ ಎಂದರೆ ಡಾಕ್ಟರು ಹೌದು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ.

ಯಮನಪ್ಪ ದೂರು ಕೊಟ್ಟ. ಯಂತ್ರ ಆ ಹೊತ್ತಿನ ಅಂಕ ತೆಗೆದು ನೋಡಿತು. ತೊಂಬತ್ತಾರು. ಗಮನದಲ್ಲಿ ಲೋಪವಿಲ್ಲ. ವಾರದೊಳಗೆ ಯಮನಪ್ಪನಿಗೆ ಅಚ್ಚಾದ ಪತ್ರ ಹೋಯಿತು: ಕರೆ ಮಾಡಿದವರು ಸ್ಥಳವನ್ನು ಸ್ಪಷ್ಟವಾಗಿ ತಿಳಿಸದೆ ಇದ್ದುದರಿಂದ ವಿಳಂಬವಾಗಿರುತ್ತದೆ, ಕೇಂದ್ರದ ವತಿಯಿಂದ ಲೋಪ ಕಂಡುಬಂದಿರುವುದಿಲ್ಲ.

ದೂರು ಮುಗಿದ ಸುದ್ದಿ ನೀಲಗಂಗಾಳಿಗೂ ಬಂತು. ಆಕೆ ಧ್ವನಿಮುದ್ರಣ ಬೇಕೆಂದು ಅರ್ಜಿ ಹಾಕಿದಳು. ಮೇಲ್ವಿಚಾರಕ, “ಯಾಕ್ರಿ, ನಿಮ್ಮದೇನೂ ತಪ್ಪಿಲ್ಲಂತ ಬಂದೇತಲ್ಲ,” ಎಂದು ನಕ್ಕು ಕೊಟ್ಟ. ಆಕೆ ಎರಡು ಸಲ ಕೇಳಿದಳು. ಗಂಡಸಿನ ದನಿ, ಅವಸರ, ಹಿಂದೆ ಸಂತೆಯ ಗದ್ದಲ. ಸಂತಿ, ಅವ್ವ, ಬಿದ್ದಾಳ, ಗಾಡಿ. ಶಬ್ದಗಳು ಒಂದೊಂದಾಗಿ ತಿಳಿಯುತ್ತಿದ್ದವು. ಮುಂದಿನದು ಬರುವಷ್ಟರಲ್ಲಿ ಹಿಂದಿನದು ಇರುತ್ತಿರಲಿಲ್ಲ. ಪತ್ರದಲ್ಲಿ ಬರೆದದ್ದು ಸರಿ, ಇವನು ಏನೂ ಸರಿಯಾಗಿ ಹೇಳಿಲ್ಲ ಎಂದು ಆಕೆಗೂ ಅನಿಸಿತು. ಆದರೂ ಸಮಾಧಾನವಾಗದೆ ಬೆರಳಚ್ಚಿನ ಹುಡುಗಿಗೆ ಹೇಳಿ ಅದನ್ನು ಕಾಗದದ ಮೇಲೆ ಬರೆಯಿಸಿದಳು.

ಕಾಗದ ಓದಿದಾಗ ಎಲ್ಲ ತಿಳಿಯಿತು. ‘ಸಂತಿಗೆ ಬ್ಯಾಡ್ರಿ.’ ‘ನನ್ನ ಕಡೆ ಬ್ಯಾಡ.’ ‘ಸಂತಿಗೆ ಬ್ಯಾಡ.’ ಮೂರು ಸಲ.

ಆಕೆ ಕಾಗದ ಹಿಡಿದುಕೊಂಡು ಸೀದಾ ತರಬೇತಿ ಕೋಣೆಗೆ ಹೋದಳು. ದಾವಲಸಾಬರು ಕ್ಲಿಪ್ಪುಗಳನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಸಾಲಾಗಿ ಇಡುತ್ತಿದ್ದರು.

“ನದಾಫ ಸರ, ನನ್ನ ತಲ್ಯಾಗ ಏನೋ ಆಗೇತಿ, ನೋಡ್ರಿ.”

“ಕುಂದರ್ರಿ ಅಕ್ಕಾರ. ಏನಾಗೇತಿ? ಅಂಕ ನೋಡಿದ್ರ ನೀವು ಮೊದಲ್ನೇದವ್ರು.”

“ಅಂಕದ ಮಾತು ಬಿಡ್ರಿ. ಇದನ್ನ ಓದ್ರಿ ಮೊದಲ. ಆಮ್ಯಾಲ ಇದನ್ನ ಕೇಳ್ರಿ.”

ದಾವಲಸಾಬರು ಓದಿದರು, ಕೇಳಿದರು. ಯಮನಪ್ಪನ ದನಿ ನೀರಿನಷ್ಟು ತಿಳಿಯಾಗಿತ್ತು.

“ಅವಾ ಹೇಳಿದ್ದು ನನಗ ಕೇಳಸ್ತು,” ಎಂದಳು ನೀಲಗಂಗಾ. “ತಿಳೀಲಿಲ್ಲ. ಕಣ್ಣಿಗೆ ಹೇಳಿದ್ರ ತಿಳಿತೈತಿ, ಕಿವಿಗೆ ಹೇಳಿದ್ರ ಇಲ್ಲ. ಈಗ ನೀವು ಮಾತಾಡೂದೂ ಅರ್ಧ ನಿಮ್ಮ ಬಾಯಿ ನೋಡಿ ತಿಳ್ಕೊಳ್ಳಾಕತ್ತೀನಿ.”

ಕೋಣೆಯ ಮೂಲೆಯಲ್ಲಿ ಆಸ್ಪತ್ರೆಯಿಂದ ತಂದ ಹಳೆಯ ಯಂತ್ರವೊಂದಿತ್ತು. ಹತ್ತೊಂಬತ್ತು ಬಿಲ್ಲೆಗಳ ಟೊಪ್ಪಿಗೆ. ದಾವಲಸಾಬರು ಅದರ ಧೂಳು ಒರೆಸಿ, ಆಕೆಯ ಕೂದಲು ಬಿಡಿಸಿ, ಒಂದೊಂದು ಬಿಲ್ಲೆಯ ಕೆಳಗೂ ಅಂಟು ಹಚ್ಚಿದರು. ಎಡಗಿವಿಯ ಹಾಲೆಗೂ ಬಲಗಿವಿಯ ಹಾಲೆಗೂ ಮೂಗಿನ ತುದಿಗೂ ಒಂದೊಂದು ಬಿಲ್ಲೆ ಅಂಟಿಸಿದರು. ಈ ಯಂತ್ರದಲ್ಲಿ ಒಮ್ಮೆ ದಾಖಲಿಸಿಕೊಂಡರೆ ಸಾಕು. ಸೊನ್ನೆಯನ್ನು ಆಮೇಲೆ ಬೇಕಾದಲ್ಲಿಗೆ ಸರಿಸಿ ನೋಡಬಹುದು. ಹತ್ತು ನಿಮಿಷ ಆಕೆಗೆ ಒಂದು ಕಥೆ ಕೇಳಿಸಿದರು.

ಸೊನ್ನೆ ಎಡಗಿವಿಯಲ್ಲಿದ್ದಾಗ ನಡುನೆತ್ತಿಯ ಗೆರೆ ನಿಂತ ನೀರಿನಂತಿತ್ತು. ನಿಧಾನದ ಅಲೆ ಇಲ್ಲವೆನ್ನುವಷ್ಟು ಕಡಿಮೆ. ಅಂಕ ಹಾಕಿದರೆ ತೊಂಬತ್ತಾರು.

ಸೊನ್ನೆಯನ್ನು ಮೂಗಿಗೆ ಸರಿಸಿದರು. ಅದೇ ಹತ್ತು ನಿಮಿಷ, ಅದೇ ತಲೆ. ನಡುನೆತ್ತಿಯಲ್ಲಿ ಸೆಕೆಂಡಿಗೆ ಐದರಂತೆ ದೊಡ್ಡ ಅಲೆಗಳು ಎದ್ದು ನಿಂತವು. ಎಡಗಿವಿಯ ಮೇಲುಗಡೆಯ ಬಿಲ್ಲೆಯಲ್ಲೂ ಅಷ್ಟೇ ದೊಡ್ಡ ಅಲೆಗಳು, ಹೆಜ್ಜೆಗೆ ಹೆಜ್ಜೆ ಹೊಂದಿಸಿಕೊಂಡು. ಬಲಗಿವಿಗೆ ಸರಿಸಿದರೂ ಹೆಚ್ಚುಕಡಿಮೆ ಅದೇ ಚಿತ್ರ.

ದಾವಲಸಾಬರು ಯಂತ್ರ ಬಿಟ್ಟು ಆಕೆಯತ್ತ ತಿರುಗಿದರು. ನೀಲಗಂಗಾ ಅವರ ಮುಖವನ್ನೇ ನೋಡುತ್ತಿದ್ದಳು. ಅವರು ಒಂದು ಹಾಳೆ ತೆಗೆದು ತಕ್ಕಡಿಯ ಚಿತ್ರ ಬರೆದು, ಮಾತಾಡುವ ಬದಲು ಅದರ ಕೆಳಗೆ ಬರೆದು ತೋರಿಸಿದರು.

ಪಟ್ಟಿ ಅಳೆಯುವುದು ಎರಡು ತಟ್ಟೆಗಳ ಅಂತರವನ್ನು ಮಾತ್ರ. ಒಂದು ತಟ್ಟೆ ನೆತ್ತಿ, ಇನ್ನೊಂದು ಎಡಗಿವಿ. ಅಂತರ ಕಡಿಮೆ ಮಾಡು ಎಂದು ಗಾಳಿಗಿರಣಿ ಹೇಳುತ್ತಿತ್ತು. ಅದಕ್ಕೆ ಎರಡು ದಾರಿ. ನೆತ್ತಿಯ ತಟ್ಟೆಯ ಭಾರ ಇಳಿಸುವುದು ಒಂದು. ಅದು ಕಷ್ಟ, ಅದೇ ನಮಗೆ ಬೇಕಾದದ್ದು. ಕಿವಿಯ ತಟ್ಟೆಗೂ ಅಷ್ಟೇ ಭಾರ ಹೇರುವುದು ಇನ್ನೊಂದು. ನಿಮ್ಮ ಮಿದುಳು ಎರಡನೆಯದನ್ನು ಹಿಡಿಯಿತು. ಮೂರು ವರ್ಷ, ದಿನಕ್ಕೆ ಇಪ್ಪತ್ತೈದು ನಿಮಿಷ, ಮಾತು ತಿಳಿಯುವ ಭಾಗಕ್ಕೆ ತೂಕಡಿಸುವುದನ್ನು ಕಲಿಸಿತು.

ನೀಲಗಂಗಾ ಎರಡು ಸಲ ಓದಿದಳು. “ಕಿವೀನ ಯಾಕ ಆರಿಸಿದ್ರು?” ಎಂದು ಕೇಳಿದಳು. “ಯಾರು ಆರಿಸಿದ್ದು?”

ದಾವಲಸಾಬರು ಪೆನ್ನು ಕೆಳಗಿಟ್ಟು, ಆಕೆಗೆ ತುಟಿ ಕಾಣುವಂತೆ ಮುಖ ಎತ್ತಿ, “ನಾನು,” ಎಂದರು.

ಆಕೆ ಸಿಟ್ಟಾಗಲಿಲ್ಲ, ಅಥವಾ ತೋರಿಸಿಕೊಳ್ಳಲಿಲ್ಲ. ಟೊಪ್ಪಿಗೆ ತೆಗೆಸಿಕೊಂಡು, ಕೂದಲಿನ ಅಂಟು ಒರೆಸಿಕೊಂಡು, “ನನ್ನಂಗ ಇನ್ನೂ ಎಷ್ಟ ಮಂದಿ ಅದಾರ, ನೋಡ್ರಿ,” ಎಂದು ಹೇಳಿ ಹೋದಳು. ಅಂದಿನಿಂದ ಆಕೆ ಕರೆಯ ಮೇಜಿಗೆ ಕೂರಲಿಲ್ಲ, ರಜೆ ಹಾಕಿದಳು.

ದಾವಲಸಾಬರು ಮುಂದಿನ ಹತ್ತು ದಿನಗಳಲ್ಲಿ ಒಪ್ಪಿದ ಹದಿನೈದು ಮಂದಿಗೆ ಟೊಪ್ಪಿಗೆ ಹಾಕಿದರು. ಹನ್ನೊಂದು ಮಂದಿಯ ಮಿದುಳು ಸರಿಯಾದ ದಾರಿ ಹಿಡಿದಿತ್ತು; ಅವರ ನೆತ್ತಿ ಯಾವ ಸೊನ್ನೆಯಿಂದ ನೋಡಿದರೂ ಶಾಂತವಾಗಿತ್ತು. ನಾಲ್ವರು ನೀಲಗಂಗಾಳ ದಾರಿ ಹಿಡಿದಿದ್ದರು. ಒಬ್ಬನಿಗೆ ಏನೂ ಗೊತ್ತಾಗಿರಲಿಲ್ಲ, ಹೆಂಡತಿ ಮಾತು ಬಿಟ್ಟಿದ್ದಾಳೆ ಎಂದಷ್ಟೇ ಹೇಳಿದ. ನಾಲ್ವರ ಅಂಕವೂ ತೊಂಬತ್ತರ ಮೇಲೆ.

ಆ ಹತ್ತು ದಿನ ಮನೆಯಲ್ಲಿ ದಾವಲಸಾಬರು ಸರಿಯಾಗಿ ಊಟ ಮಾಡಲಿಲ್ಲ. ಹೆಂಡತಿ ಮೆಹಬೂಬಿ ಏನಾಗಿದೆ ಎಂದು ಕೇಳಿದಳು. ಅವರು ಹೇಳಿದರು. ಆಕೆ ಸಾರಿನ ಪಾತ್ರೆ ಸರಿಸಿ, “ನೀವು ಗೊತ್ತಿದ್ದು ಮಾಡಿದ್ದಲ್ಲಲ್ಲ,” ಎಂದಳು.

“ಅರ್ಧ ಗೊತ್ತಿತ್ತು,” ಎಂದರು ಅವರು. “ಕಿವಿ ಸುಮ್ಮನಿರೂದಿಲ್ಲಂತ ಗೊತ್ತಿತ್ತು. ಎರಡು ಸಲ ನೋಡಬೇಕಂತನೂ ಗೊತ್ತಿತ್ತು.”

“ಹಂಗಾರ ಈಗ ಪೂರಾ ಗೊತ್ತಾತಲ್ಲ. ಈಗೇನ್ ಮಾಡ್ತೀರಿ?”

ಕೇಂದ್ರದ ನಿರ್ದೇಶಕಿ ಡಾ. ಪ್ರಮೋದಿನಿ ಹೊಸಕೇರಿ ದಾವಲಸಾಬರು ಬರೆದುಕೊಟ್ಟ ವರದಿಯನ್ನು ಪೂರಾ ಓದಿದರು. ಅವರು ಕೆಟ್ಟವರಲ್ಲ. ಓದಿ ಮುಗಿಸಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಹದಿನೈದು ಮಂದ್ಯಾಗ ನಾಲ್ಕು. ಸಣ್ಣ ಸಂಖ್ಯಾ ಅದ, ನದಾಫರ.”

“ಎಲ್ಲಾರಿಗೂ ಟೊಪಗಿ ಹಾಕಿಸೋಣ್ರಿ. ದೊಡ್ಡದು ಬರ್ತೈತಿ.”

“ಮುಂದಿನ ವರ್ಷ ಹೊಸ ಪಟ್ಟಿ ಬರ್ತಾವ. ಅದರಾಗ ಎರಡು ಕಡೆ ಸೊನ್ನಿ ಇಡಸೋಣ. ಸುಧಾರಣಾ ಅಂತ ಬರದ್ರ ಯಾರೂ ಕೇಳೂದಿಲ್ಲ.”

“ಈ ವರ್ಷ ಏನ್ರಿ? ನೀಲಗಂಗಾ ಹೂಗಾರಂಥವ್ರು ಇವತ್ತೂ ಫೋನ್ ಎತ್ತಾಕತ್ತಾರ. ಇವತ್ತೂ ಗಿರಣಿ ತಿರಗಸಾಕತ್ತಾರ.”

ಹೊಸಕೇರಿಯವರು ಕಿಟಕಿಯತ್ತ ನೋಡಿದರು. “ಇದು ಹೊರಗ ಹೋತಂದ್ರ ಎಲ್ಲಾರೂ ಪಟ್ಟಿ ಬಿಚ್ಚಿ ಒಗೀತಾರ. ಬಸ್ಸಿನವ್ರು, ಎಲ್ಲಾರೂ. ಮೊದಲ ತಿಂಗಳಿಗೆ ಒಂಬತ್ತು ತಪ್ಪಾಗ್ತಿತ್ತು, ಈಗ ಮೂರು. ಉಳಿದ ಆರು ಜನರ ಲೆಕ್ಕ ಯಾರು ಇಡ್ತಾರ?”

ಈ ಮಾತು ಸುಳ್ಳಲ್ಲ ಎಂದು ದಾವಲಸಾಬರಿಗೂ ಗೊತ್ತಿತ್ತು. ಆದರೂ ಹೇಳಿದರು: “ಮೂರು ಅಂತ ಹೇಳಿದ್ದೂ ಅದೇ ಪಟ್ಟಿ ಅಲ್ಲೇನ್ರಿ, ಮೇಡಂ? ಹಸಿರು ದೀಪ ಇದ್ರ ನಾವು ತಪ್ಪಂತ ಎಣಿಸೂದೇ ಇಲ್ಲ. ಯಮನಪ್ಪ ತಳವಾರಂದು ಆ ಮೂರರಾಗ ಇಲ್ಲ.”

ಹೊಸಕೇರಿಯವರು ವರದಿಯನ್ನು ಮತ್ತೆ ಹತ್ತಿರ ಎಳೆದುಕೊಂಡರು. ಒಂದು ವಾರ ಸಮಯ ಬೇಕೆಂದರು.

ದಾವಲಸಾಬರು ವಾರ ಕಾಯಲಿಲ್ಲ. ಅಳತೆಯ ಉಪಕರಣ ಸರಿಯಿಲ್ಲವೆಂದು ಕಂಡರೆ ಅದನ್ನು ಬಳಕೆಗೆ ಅನರ್ಹವೆಂದು ಬರೆಯುವ ಅಧಿಕಾರ ತಂತ್ರಜ್ಞನಿಗಿತ್ತು. ಒಂದೊಂದು ಪಟ್ಟಿಗೆ ಒಂದೊಂದು ನಮೂನೆ. ಗುರುವಾರ ಬೆಳಗಿನಿಂದ ಮಧ್ಯಾಹ್ನ ಮೂರರವರೆಗೆ ಕೂತು ಇನ್ನೂರಾ ಹನ್ನೆರಡು ನಮೂನೆ ತುಂಬಿದರು. ಕಾರಣದ ಜಾಗದಲ್ಲಿ ಪ್ರತಿಯೊಂದರಲ್ಲೂ ಬರೆದರು: ‘ಸೊನ್ನೆಯ ಜಾಗ ತಪ್ಪು. ಆರಿಸಿದವರು: ಡಿ. ನದಾಫ.’ ಮಧ್ಯಾಹ್ನದ ಪಾಳಿಯವರು ಬಂದಾಗ ಕ್ಲಿಪ್ಪುಗಳೆಲ್ಲ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇದ್ದವು. ದೀಪಗಳು ಹಸಿರೂ ಅಲ್ಲ, ಕೆಂಪೂ ಅಲ್ಲ. ಆ ದಿನ ಕೇಂದ್ರ ಅಂಕವಿಲ್ಲದೆ ನಡೆಯಿತು.

ಶಿಸ್ತುಕ್ರಮ ಬಂತು. ದಾವಲಸಾಬರನ್ನು ತರಬೇತಿ ಕೋಣೆಯಿಂದ ಉಗ್ರಾಣಕ್ಕೆ ಹಾಕಿದರು. ಅಲ್ಲಿ ಅವರು ಬ್ಯಾಟರಿಗಳ ತಾರೀಖು ನೋಡುವ ಕೆಲಸ ಮಾಡಿದರು. ಆದರೆ ನಮೂನೆಗಳು ಕಡತ ಸೇರಿದ್ದವು, ಅವನ್ನು ವಾಪಸು ತೆಗೆಯಲು ಬರುತ್ತಿರಲಿಲ್ಲ. ಹೊರಗಿನಿಂದ ತಜ್ಞರ ತಂಡ ಬಂತು. ಐದು ತಿಂಗಳು ಪರೀಕ್ಷೆ ನಡೆಯಿತು. ಇನ್ನೂರಾ ಹನ್ನೆರಡರಲ್ಲಿ ಐವತ್ತೆಂಟು ಮಂದಿ ಎರಡನೆಯ ದಾರಿ ಹಿಡಿದಿದ್ದರು. ಮುಚ್ಚಿದ ದೂರುಗಳನ್ನು ತೆರೆದು ಧ್ವನಿಮುದ್ರಣ ಕೇಳುವಂತೆ ಹೊಸಕೇರಿಯವರೇ ಆದೇಶ ಹೊರಡಿಸಿದರು. ಅವು ಮುನ್ನೂರಕ್ಕೂ ಹೆಚ್ಚಿದ್ದವು.

ಎಲ್ಲರೂ ಹೆದರಿದಂತೆ ಪಟ್ಟಿಯನ್ನು ಜನ ಬಿಚ್ಚಿ ಒಗೆಯಲಿಲ್ಲ. ಕೆಲವರು ಬಿಚ್ಚಿದರು. ಬಾಡಿಗೆ ಅಂಗಡಿಯವರು ‘ಎರಡು ಸೊನ್ನೆಯ ಪಟ್ಟಿ’ ಎಂದು ಹೊಸ ಬೋರ್ಡು ಬರೆಸಿದರು. ಹೊಸ ನಿಯಮದ ಪ್ರಕಾರ ಒಂದು ದಿನ ಮೂಗಿನಿಂದ, ಒಂದು ದಿನ ಕಿವಿಯಿಂದ ಅಳೆಯಬೇಕು. ಎರಡೂ ಒಂದೇ ಮಾತು ಹೇಳದಿದ್ದರೆ ಅಂಕ ತೋರಿಸಬಾರದು. ಅಂಕ ಕಾಣದ ದಿನಗಳು ಬಹಳವಾದವು. ಜನ ಅದಕ್ಕೂ ಹೊಂದಿಕೊಂಡರು.

ನೀಲಗಂಗಾಳಿಗೆ ಮರುತರಬೇತಿ ಶುರುವಾಯಿತು. ಈ ಸಲ ಬಿಲ್ಲೆ ಎಡಗಿವಿಯ ಮೇಲುಗಡೆ, ಸೊನ್ನೆ ಮೂಗಿನ ಮೇಲೆ; ನಡುವೆ ಸೊನ್ನೆಯ ಜಾಗ ಬದಲಿಸಿ ತಾಳೆ ನೋಡುತ್ತಿದ್ದರು. ಮೊದಲ ತಿಂಗಳು ಗಾಳಿಗಿರಣಿ ಒಂದು ಸುತ್ತೂ ತಿರುಗಲಿಲ್ಲ. ಮನೆಯಲ್ಲಿ ಚನ್ನವೀರ ಹೇಳಬೇಕಾದದ್ದನ್ನು ಮಗಳ ಹಳೆಯ ಪಾಟಿಯ ಮೇಲೆ ಬಳಪದಿಂದ ಬರೆಯುತ್ತಿದ್ದ. ಅವನ ಬರಹ ಕೆಟ್ಟದ್ದು, ಆಕೆ ತಿದ್ದುತ್ತಿದ್ದಳು. ಮಾತಾಡುವಾಗ ಅವನು ಗಂಟಲು ತಗ್ಗಿಸುವುದನ್ನು ಕಲಿತ. ಗಟ್ಟಿಯಾಗಿ ಹೇಳುವುದಕ್ಕಿಂತ ಸಾವಕಾಶ ಹೇಳಿದರೆ ಆಕೆಗೆ ಹೆಚ್ಚು ತಿಳಿಯುತ್ತಿತ್ತು.

ನಾಲ್ಕನೆಯ ತಿಂಗಳು ರೇಡಿಯೋದ ವಾರ್ತೆ ತುಣುಕು ತುಣುಕಾಗಿ ತಿಳಿಯಿತು. ಆರನೆಯ ತಿಂಗಳು ಒಂದು ಸಂಜೆ ಸ್ಫೂರ್ತಿ ಶಾಲೆಯಿಂದ ಬಂದವಳೇ ಚೀಲ ಬಿಸುಟು, ಗೆಳತಿಯ ಮೇಲೆ ಉದ್ದಕ್ಕೆ ದೂರು ಹೇಳಿದಳು. ನೀಲಗಂಗಾ ಕೇಳಿ ಮುಗಿಸಿ, “ಆದ್ರ ಮೊದಲ ಕಂಪಾಸು ಮುರದಾಕಿ ನೀನಲ್ಲೇನ?” ಎಂದಳು. ಹುಡುಗಿ ಸಿಟ್ಟಿನಿಂದ ಹೌದು ಎಂದಳು. ಒಳಗೆ ಅಕ್ಕಿ ಆರಿಸುತ್ತಿದ್ದ ಚನ್ನವೀರ ಮೊರ ಕೆಳಗಿಟ್ಟು ಬಾಗಿಲಿಗೆ ಬಂದು ನಿಂತ.

ಪೂರಾ ವಾಪಸು ಬರಲಿಲ್ಲ. ಗದ್ದಲವಿದ್ದಲ್ಲಿ, ಅವಸರದ ಮಾತಿನಲ್ಲಿ, ಕೊನೆಯ ಶಬ್ದಗಳು ಈಗಲೂ ಜಾರುತ್ತಿದ್ದವು. ಕರೆಯ ಮೇಜು ಬೇಡವೆಂದು ಆಕೆಯೇ ಬರೆದುಕೊಟ್ಟು ನಕ್ಷೆಯ ವಿಭಾಗಕ್ಕೆ ಹೋದಳು.

ಅದಾದ ಮೇಲೆ ಒಂದು ಭಾನುವಾರ ಬೆಳಗ್ಗೆ ಆಕೆ ದಾವಲಸಾಬರ ಮನೆಗೆ ಬಂದಳು. ಕೇಂದ್ರ ಯಮನಪ್ಪನಿಗೆ ತಿದ್ದಿದ ಪತ್ರ ಕಳಿಸಿತ್ತು; ಅದು ಮುಟ್ಟಲಿಲ್ಲವೆಂದು ಅಂಚೆಯಲ್ಲಿ ವಾಪಸು ಬಂದಿತ್ತು.

“ಕೆಂಚಲಾಪುರಕ್ಕ ಹೋಗೂಣು ನಡೀರಿ,” ಎಂದಳು. “ಪತ್ರ ತಗೊಳ್ಳಾಕ ಒಲ್ಲೆ ಅಂದಿರಬೇಕು ಅವಾ. ಮೊದಲ್ನೇ ಪತ್ರ ಓದಿದವ್ರು ಎರಡ್ನೇದ್ದು ಯಾಕ ತಗೋತಾರ?”

ಇಬ್ಬರೂ ಬಸ್ಸಿನಲ್ಲಿ ಹೋದರು. ಯಮನಪ್ಪನ ಮನೆಯ ಮುಂದೆ ಕತ್ತಾಳೆಯ ನಾರು ಒಣಗಲು ಹಾಕಿತ್ತು. ಐವತ್ತರ ಆಸುಪಾಸಿನ ಗಂಡಸು. ಯಾರೆಂದು ತಿಳಿದ ಮೇಲೂ ಎದ್ದು ನಿಲ್ಲಲಿಲ್ಲ, ಕೂರಿ ಎನ್ನಲಿಲ್ಲ. ನೀಲಗಂಗಾ ನಿಂತುಕೊಂಡೇ ಹೇಳಿದಳು.

“ಆ ದಿನ ಫೋನ್ ಎತ್ತಿದಾಕಿ ನಾನ್ರಿ. ನೀವು ಸರಿಯಾಗಿ ಹೇಳಿದ್ರಿ. ಮೂರು ಸಲ ಹೇಳಿದ್ರಿ. ನನಗ ಕೇಳಸ್ತು, ತಿಳೀಲಿಲ್ಲ. ತಪ್ಪು ನಂದು, ಮತ್ತ ನನ್ನ ತಲೀಗೆ ಹಾಕಿದ ಯಂತ್ರದ್ದು.”

“ಅದನ್ನ ಆರಿಸಿದಾವ ನಾನು,” ಎಂದರು ದಾವಲಸಾಬರು.

ಯಮನಪ್ಪ ಕೈಯಲ್ಲಿದ್ದ ನಾರನ್ನು ಹೊಸೆಯುತ್ತಲೇ ಇದ್ದ. ಹೊಸೆದ ಎಳೆಯನ್ನು ಕೆಳಗಿಟ್ಟು, “ಸರಿಯಾಗಿ ಹೇಳಿದ್ನೇನ್ರಿ ನಾನು?” ಎಂದ. “ಪತ್ರ ಬಂದ ಮ್ಯಾಲ ನಮ್ಮ ತಂಗಿ ನನ್ನ ಕೂಡ ಮಾತಾಡಿಲ್ಲ. ನೀ ಊರ ಹೆಸರು ನೆಟ್ಟಗ ಹೇಳಿದ್ರ ಅವ್ವ ಉಳೀತಿದ್ಲು ಅಂದ್ಲು. ನನಗೂ ಹಂಗ ಅನಸಿತ್ರಿ. ಗಾಬರ್ಯಾಗ ಏನ್ ಅಂದ್ನೋ ಏನೋ. ಸರಕಾರದವ್ರು ಸುಳ್ಳು ಬರೀತಾರೇನು?”

ದಾವಲಸಾಬರು ಧ್ವನಿಮುದ್ರಣ ತಂದಿದ್ದರು. ಯಮನಪ್ಪ ತಡೆದು, ಎದ್ದು, ಮೂರು ಮನೆ ಆಚೆ ಹೋಗಿ ಬಾಗಿಲಲ್ಲಿ ನಿಂತು ಏನೋ ಹೇಳಿದ. ಅವನ ತಂಗಿ ಬಂದಳು. ಹತ್ತಿರ ಬರದೆ ಕಟ್ಟೆಯ ಆ ತುದಿಯಲ್ಲಿ ನಿಂತಳು. ದಾವಲಸಾಬರು ಹಚ್ಚಿದರು. ‘ಗಾಡಿ ಕೆಂಚಲಾಪುರಕ್ಕ ಕಳಸ್ರಿ. ಸಂತಿಗೆ ಬ್ಯಾಡ್ರಿ.’ ಯಮನಪ್ಪ ತನ್ನದೇ ದನಿಯನ್ನು ತಲೆ ತಗ್ಗಿಸಿ ಕೇಳಿದ. ಮೂರನೆಯ ಸಲ ‘ಸಂತಿಗೆ ಬ್ಯಾಡ’ ಎಂದಾಗ ತಂಗಿ ಸೆರಗು ಬಾಯಿಗೆ ಒತ್ತಿಕೊಂಡು ಕಟ್ಟೆಯ ಮೇಲೆ ಕೂತಳು. ಅಣ್ಣನನ್ನು ನೋಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಎದ್ದು, ಅವನ ಮನೆಯ ಒಳಗೇ ಹೋಗಿ, ಎಲ್ಲರಿಗೂ ನೀರು ತಂದಳು.

ಯಮನಪ್ಪ ನೀಲಗಂಗಾಳ ಕಡೆ ತಿರುಗಿದ. “ಈಗ ನಾ ಮಾತಾಡಿದ್ದು ನಿಮಗ ತಿಳಿತೈತೇನ್ರಿ?”

“ಸಾವಕಾಶ ಹೇಳಿದ್ರ ತಿಳಿತೈತ್ರಿ.”

“ಹಂಗಾರ ಕುಂದರ್ರಿ.”

ಆಕೆ ಕೂತಳು. ಯಮನಪ್ಪ ಆ ಮಂಗಳವಾರವನ್ನು ಬೆಳಗಿನಿಂದ ಹೇಳತೊಡಗಿದ. ಅವ್ವ ಬುತ್ತಿ ಕಟ್ಟಿ ಕೊಟ್ಟದ್ದು, ಮಳೆ ಬಂದರೆ ಹಗ್ಗ ತೋಯುತ್ತದೆ, ಬೇಗ ಬಾ ಎಂದದ್ದು, ಟೆಂಪೋ ದಾರಿಯಲ್ಲಿ ಎರಡು ಕಡೆ ನಿಂತದ್ದು, ಮನೆಗೆ ಹೋದಾಗ ಆಕೆ ಕಣ್ಣು ಬಿಟ್ಟು ನೋಡಿದ್ದು, ಏನೋ ಹೇಳಲು ಹೋದದ್ದು. ನೀಲಗಂಗಾ ಅವನ ಬಾಯಿ ನೋಡುತ್ತ, ಮುಂದೆ ಬಾಗಿ ಕೇಳುತ್ತಿದ್ದಳು. ಒಂದು ಕಡೆ ಕೈ ಎತ್ತಿ ತಡೆದಳು.

“ಕಡೀ ಮಾತು ತಪ್ತ್ರಿ. ಇನ್ನೊಮ್ಮೆ ಹೇಳ್ರಿ.”

ಯಮನಪ್ಪ ಇನ್ನೊಮ್ಮೆ ಹೇಳಿದ.